ಕಾವಲಿನ ಹುಲ್ಲು ಮತ್ತು ಲೋಕದ ಒಪ್ಪಂದ

1992ರ ರಿಯೊ ಶೃಂಗಸಭೆಯಲ್ಲಿ ರಾಷ್ಟ್ರಗಳ ಸಹಿಗೆ ಬಂದ ಜೀವವೈವಿಧ್ಯ ಒಪ್ಪಂದವು ಕಾಡುಪ್ರಾಣಿಗಳನ್ನು ಉಳಿಸುವ ಹಳೆಯ ಉದ್ದೇಶಕ್ಕಷ್ಟೇ ನಿಲ್ಲದೆ, ಪ್ರಭೇದ ಪ್ರಭೇದಗಳ ನಡುವಿನ ವೈವಿಧ್ಯ, ಒಂದೇ ಪ್ರಭೇದದೊಳಗಿನ ತಳಿವೈವಿಧ್ಯ ಮತ್ತು ಅವೆಲ್ಲ ಬಾಳುವ ಪರಿಸರ ವ್ಯವಸ್ಥೆಗಳ ವೈವಿಧ್ಯ, ಈ ಮೂರನ್ನೂ ಒಂದೇ ಹೆಸರಿನಡಿ ತಂದಿತು. ಭಾರತವು 1994ರಲ್ಲಿ ಅದನ್ನು ಅನುಮೋದಿಸಿ 2002ರಲ್ಲಿ ಜೀವವೈವಿಧ್ಯ ಕಾಯ್ದೆಯನ್ನು ರೂಪಿಸಿತು. ಇಂತಹ ಒಪ್ಪಂದದ ಬಲ ಪರೀಕ್ಷೆಗೆ ಒಳಗಾಗುವುದು, ಬೀಳು ಭೂಮಿಯೆಂಬ ತಾತ್ಸಾರಕ್ಕೆ ಗುರಿಯಾದ ಬಯಲಿನಲ್ಲಿ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಕಾಡೂ ಬಯಲೂ ಅಕ್ಕಪಕ್ಕದಲ್ಲೇ ಇರುವುದರಿಂದ ಹೋಲಿಸಿ ನೋಡುವುದು ಸುಲಭ.

ಕಾಡಿನ ಪಾಲಿಗೆ ರಕ್ಷಣೆ ದೊರೆತಿದೆ. ತರೀಕೆರೆಯ ಲಕ್ಕವಳ್ಳಿ ಭಾಗವನ್ನೊಳಗೊಂಡ ಭದ್ರಾ ಅಭಯಾರಣ್ಯವು 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಕಡೂರು ತಾಲ್ಲೂಕಿನ ಹೊಗ್ರೇಕಾನ್ ಶೋಲಾ ಕಾಡು ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿತು.

ಕಾವಲುಗಳ ಕಥೆ ಬೇರೆ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಹೆಸರಾಗಿ, ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರು ಪಡೆದ ಇಲಾಖೆಯು ದನಗಳ ಮೇವಿಗೆಂದು ಕಾಯ್ದಿರಿಸಿದ ಈ ಹುಲ್ಲುಗಾವಲುಗಳನ್ನು ಮಳೆಗಾಲದ, ಚಳಿಗಾಲದ, ಬೇಸಿಗೆಯ ಕಾವಲುಗಳೆಂದು ವಿಂಗಡಿಸಿ, ಋತುವಿಗೆ ತಕ್ಕಂತೆ ಮಂದೆಯನ್ನು ಒಂದರಿಂದ ಇನ್ನೊಂದಕ್ಕೆ ಹೊಡೆಯಲಾಗುತ್ತಿತ್ತು. ಮೇದು ಹೋದ ನೆಲಕ್ಕೆ ಚೇತರಿಸಿಕೊಳ್ಳಲು ಬಿಡುವು ಸಿಗುತ್ತಿದ್ದುದರಿಂದ ಹುಲ್ಲು ಉಳಿಯಿತು. ಹುಲ್ಲಿನ ಆಸರೆಯಲ್ಲಿ ಕೃಷ್ಣಮೃಗವೂ ತೋಳವೂ ಉಳಿದವು. ಬೂದು ಮೈಯ, ಹಿಂದಕ್ಕೆ ಬಾಗಿ ಮೇಲೆದ್ದ ಉದ್ದ ಕೊಂಬಿನ ಅಮೃತಮಹಲ್ ದನ ಇಂದಿಗೂ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿದೆ. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬಯಲುಸೀಮೆಗೆ ಬರುವ ಸೆಳೆವಗಳು, ಎಂದರೆ ನೆಲಕ್ಕೆ ಸಮೀಪದಲ್ಲೇ ತೇಲುತ್ತ ಬೇಟೆಯಾಡುವ ಗಿಡುಗಗಳು, ರಾತ್ರಿ ತಂಗುವುದು ಮರದ ಮೇಲಲ್ಲ, ಹುಲ್ಲಿನ ನಡುವೆ, ನೆಲದ ಮೇಲೆ. ಅಂಥ ಬಯಲಿನಲ್ಲಿ ಅಕೇಶಿಯ, ನೀಲಗಿರಿ ನೆಟ್ಟು ಹಸಿರು ಹೆಚ್ಚಿತೆಂದು ಲೆಕ್ಕ ಬರೆದರೆ, ದೂರದಿಂದಲೇ ಅಪಾಯವನ್ನು ಕಂಡು ಓಡಿ ಬದುಕುವ ಕೃಷ್ಣಮೃಗಕ್ಕೆ ಆ ಹಸಿರೇ ಮೃತ್ಯುವಾಗುತ್ತದೆ. ಹವಾಮಾನ ರಕ್ಷಣೆಯ ಹೆಸರಿನ ಮರ ನೆಡುವಿಕೆಯು ಜೀವವೈವಿಧ್ಯ ರಕ್ಷಣೆಯನ್ನು ಹೀಗೆ ಅಡಿಗಡಿಗೆ ಸೋಲಿಸುತ್ತಿರುವುದು ನಿಜಕ್ಕೂ ನೋವಿನ ಸಂಗತಿ.

ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾದದ್ದು ಒಳ್ಳೆಯ ಹೆಜ್ಜೆಯೇ. ಆದರೆ ಅದರ ವಿಸ್ತೀರ್ಣ ಸುಮಾರು 7 ಚದರ ಕಿಲೋಮೀಟರ್ ಮಾತ್ರ. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಾದರೆ ಸಾವಿರಾರು ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. 2022ರ ಕುನ್‌ಮಿಂಗ್–ಮಾಂಟ್ರಿಯಲ್ ಚೌಕಟ್ಟು 2030ರೊಳಗೆ ಭೂಮಿಯ ನೆಲ-ಜಲದ ಶೇ. 30ರಷ್ಟನ್ನು ಕಾಪಾಡುವ ಗುರಿಯನ್ನು ಇಟ್ಟಿದೆ. ಈ ಶೇಕಡಾವಾರು ಲೆಕ್ಕವನ್ನು ಬೆಟ್ಟದ ಕಾಡುಗಳಿಂದಲೇ ತುಂಬಿಸಿ ಬಯಲನ್ನು ಮರೆಯುವುದು ಸುಲಭ. ಅದೇ ಚೌಕಟ್ಟು ಸಾಕುತಳಿಗಳ ವೈವಿಧ್ಯವನ್ನೂ ಕಾಪಾಡಬೇಕೆನ್ನುತ್ತದೆ. ವಿಶ್ವಸಂಸ್ಥೆಯು 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಘೋಷಿಸಿದೆ. ದನವನ್ನು ಪಶುಪಾಲನೆಗೂ ಕೃಷ್ಣಮೃಗವನ್ನು ಅರಣ್ಯಕ್ಕೂ ನೆಲವನ್ನು ಕಂದಾಯಕ್ಕೂ ಹಂಚಿಬಿಟ್ಟ ಆಡಳಿತವು ಈ ಮಾತುಗಳನ್ನು ಒಂದೇ ಕಾವಲಿಗೆ ಅನ್ವಯಿಸಲಾರದು. 2002ರ ಕಾಯ್ದೆಯಡಿ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯು ತನ್ನ ಜನತಾ ದಾಖಲಾತಿಯಲ್ಲಿ ಹುಲ್ಲಿನ ಬಗೆಗಳನ್ನೂ ತಳಿಯನ್ನೂ ಕಾಡುಜೀವಿಗಳನ್ನೂ ಮೇಯಿಸುವವರ ತಿಳಿವಳಿಕೆಯನ್ನೂ ಒಟ್ಟಿಗೆ ಬರೆದಿಡಲು ಅಡ್ಡಿಯೇನೂ ಇಲ್ಲ; ಕಾವಲಿಗೆ ಸಂಬಂಧಿಸಿದ ಯಾವ ತೀರ್ಮಾನಕ್ಕೂ ಮೊದಲು ಆ ದಾಖಲಾತಿಯನ್ನು ತೆರೆದು ನೋಡುವುದು ಕಡ್ಡಾಯವಾಗಬೇಕು.