ಚಿತ್ರವು ಯಾರ ಕೈಯಲ್ಲಿರಬೇಕು?

ಚಲಚ್ಚಿತ್ರಗಳನ್ನು ಮನೆಯಲ್ಲಿಯೇ ಕುಳಿತು ನೋಡುವ ವಿದ್ಯಾವಂತ ಕುಟುಂಬಗಳಲ್ಲಿ ಈಚೆಗೆ ಒಂದು ಅಭಿಪ್ರಾಯವು ಬಲವಾಗಿ ಬೇರೂರಿರುವುದು ಕಂಡುಬರುತ್ತದೆ. ಡಿ.ವಿ.ಡಿ., ಬ್ಲೂ-ರೇ ಮೊದಲಾದ ಡಿಸ್ಕುಗಳು ಕಾಲ ಮುಗಿದ ಸರಕೆಂದೂ, ಅವುಗಳಿಗೆ ಕಪಾಟಿನಲ್ಲಿ ಎಡೆಕೊಡುವುದು ಮೌಢ್ಯವೆಂದೂ, ತಿಂಗಳಿಗಿಷ್ಟೆಂದು ಚಂದಾ ಸಲ್ಲಿಸಿದರೆ ಸ್ಟ್ರೀಮಿಂಗ್ ಸಂಸ್ಥೆಗಳು ಲೋಕದ ಚಿತ್ರಗಳನ್ನೆಲ್ಲ ಮನೆಯ ಪರದೆಯ ಮೇಲೆ ಹರಿಸುವುವೆಂದೂ ಆ ಅಭಿಪ್ರಾಯದ ಸಾರಾಂಶ. ಹಬ್ಬಕ್ಕೆ ಮುಂಚೆ ಮನೆಯನ್ನು ಚೊಕ್ಕಟಮಾಡುವಾಗ ಡಿಸ್ಕುಗಳ ಕಟ್ಟು ಹಳೆಯ ಕಾಗದದವನ ಪಾಲಾಗುತ್ತಿರುವುದು ಇದರ ಫಲ. ಈ ನಂಬಿಕೆಯಲ್ಲಿ ಸೌಕರ್ಯದ ಮಾತು ನಿಜ. ಸಂಗ್ರಹದ ಮಾತು ಶುದ್ಧ ಭ್ರಮೆ. ಸೌಕರ್ಯವನ್ನೂ ಸ್ವಾಮ್ಯವನ್ನೂ ಒಂದೇ ಎಂದು ತಿಳಿದುದೇ ಆ ಭ್ರಮೆಯ ಮೂಲ.

ಡಿ.ವಿ.ಡಿ.ಯು ೧೯೯೬ರಲ್ಲಿ ಜಪಾನಿನಲ್ಲಿಯೂ, ೧೯೯೭ರಲ್ಲಿ ಅಮೆರಿಕದಲ್ಲಿಯೂ ಮಾರಾಟಕ್ಕೆ ಬಂದಿತು. ಬ್ಲೂ-ರೇ ೨೦೦೬ರಲ್ಲಿ ಬಂದಿತು. ಭಾರತದಲ್ಲಿ ೨೦೦೭ರ ಸುಮಾರಿಗೆ ಮೋಸರ್ ಬೇಯರ್ ಸಂಸ್ಥೆಯು ವಿ.ಸಿ.ಡಿ.ಯನ್ನು ೨೮ ರೂಪಾಯಿಗೂ ಡಿ.ವಿ.ಡಿ.ಯನ್ನು ೩೪ ರೂಪಾಯಿಗೂ ಮಾರತೊಡಗಿದಾಗ, ಸಾಮಾನ್ಯ ಗೃಹಸ್ಥನೂ ತನ್ನ ಮೆಚ್ಚಿನ ಚಿತ್ರಕ್ಕೆ ಒಡೆಯನಾಗುವ ಕಾಲವೊದಗಿತು. ಆ ಸಂಸ್ಥೆಯು ೨೦೧೮ರಲ್ಲಿ ಋಣಭಾರದಿಂದ ಮುಳುಗಿತು. ೧೯೯೮ರಲ್ಲಿ ಅಂಚೆಯ ಮೂಲಕ ಡಿಸ್ಕುಗಳನ್ನು ಬಾಡಿಗೆಗೆ ಕಳುಹಿಸತೊಡಗಿದ ನೆಟ್‌ಫ್ಲಿಕ್ಸ್ ೨೦೦೭ರಲ್ಲಿ ಸ್ಟ್ರೀಮಿಂಗನ್ನು ಆರಂಭಿಸಿ, ೨೦೨೩ರ ಸೆಪ್ಟೆಂಬರಿನಲ್ಲಿ ಅಂಚೆಯ ವ್ಯವಹಾರವನ್ನು ಮುಚ್ಚಿತು. ಈ ಸಂಗತಿಗಳನ್ನು ಮುಂದಿಟ್ಟು, ಕಾಲವೇ ತೀರ್ಪು ಕೊಟ್ಟಾಯಿತೆಂದು ಹೇಳುವವರಿದ್ದಾರೆ. ಆದರೆ ಇದು ವ್ಯಾಪಾರದ ಲಾಭನಷ್ಟದ ತೀರ್ಪೇ ಹೊರತು ಮನೆಯವರ ಹಿತಾಹಿತದ ತೀರ್ಪಲ್ಲ. ಒಂದು ವಸ್ತುವನ್ನು ಒಮ್ಮೆ ಮಾರುವುದಕ್ಕಿಂತ ಪ್ರತಿ ತಿಂಗಳೂ ಬಾಡಿಗೆ ಪಡೆಯುವುದು ಮಾರುವವನಿಗೆ ಹೆಚ್ಚು ಲಾಭಕರವೆಂಬುದನ್ನು ತಿಳಿಯಲು ಅರ್ಥಶಾಸ್ತ್ರದ ಪಾಂಡಿತ್ಯವೇನೂ ಬೇಕಿಲ್ಲ.

ಚಂದಾ ಕೊಟ್ಟವನಿಗೆ ವಾಸ್ತವವಾಗಿ ದೊರೆಯುವುದೇನು? ಚಿತ್ರವು ದೂರದ ಉಗ್ರಾಣದಿಂದ ಅಂತರ್ಜಾಲದ ಮೂಲಕ ಹರಿದುಬರುತ್ತದೆ. ನೋಡಿ ಮುಗಿದೊಡನೆ ಮನೆಯಲ್ಲಿ ಅದರ ಕುರುಹೂ ಉಳಿಯದು. ಅವನಿಗೆ ದೊರೆತದ್ದು ಚಿತ್ರವಲ್ಲ, ನೋಡುವ ಅಪ್ಪಣೆ. ಚಂದಾ ಮಾತ್ರವಲ್ಲದೆ ಪ್ರತ್ಯೇಕವಾಗಿ ಬೆಲೆಯನ್ನೇ ತೆತ್ತು ‘ಕೊಂಡುಕೊಂಡ’ ಚಿತ್ರಗಳ ಗತಿಯೂ ಇದೇ. ೨೦೨೩ರ ಡಿಸೆಂಬರಿನಲ್ಲಿ ಸೋನಿ ಸಂಸ್ಥೆಯು, ತನ್ನ ಪ್ಲೇಸ್ಟೇಷನ್ ಅಂಗಡಿಯಲ್ಲಿ ಗ್ರಾಹಕರು ಹಣಕೊಟ್ಟು ಪಡೆದಿದ್ದ ಡಿಸ್ಕವರಿ ಸಂಸ್ಥೆಯ ಕಾರ್ಯಕ್ರಮಗಳು ಆ ತಿಂಗಳ ೩೧ರಿಂದ ಅವರ ಸಂಗ್ರಹದಲ್ಲಿ ಇರಲಾರವೆಂದು ಪ್ರಕಟಿಸಿತು. ಕರಾರು ಹೊಸದಾದುದರಿಂದ ಆ ನಿರ್ಧಾರವನ್ನು ಬಳಿಕ ಹಿಂತೆಗೆದುಕೊಳ್ಳಲಾಯಿತು. ಆದರೆ ಗ್ರಾಹಕನ ಸೊತ್ತು ಎರಡು ಸಂಸ್ಥೆಗಳ ನಡುವಣ ಕರಾರಿನ ಎಳೆಯ ಮೇಲೆ ತೂಗುತ್ತಿತ್ತೆಂಬುದು ಆಗ ಬಯಲಾಯಿತು. ಕ್ಯಾಲಿಫೋರ್ನಿಯಾ ಸಂಸ್ಥಾನವು ೨೦೨೪ರಲ್ಲಿ ಇದಕ್ಕಾಗಿಯೇ ಒಂದು ಶಾಸನವನ್ನು ಮಾಡಬೇಕಾಯಿತು. ೨೦೨೫ರ ಜನವರಿ ೧ರಿಂದ ಜಾರಿಗೆ ಬಂದ ಆ ಶಾಸನದಂತೆ, ಹಿಂದೆಗೆದುಕೊಳ್ಳಬಹುದಾದ ಡಿಜಿಟಲ್ ಸರಕನ್ನು, ಅದು ಪರವಾನಗಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸದೆ, ‘ಖರೀದಿ’ ಎಂಬ ಮಾತಿನಿಂದ ಮಾರಕೂಡದು. ಮಾರಾಟವಲ್ಲದುದನ್ನು ಮಾರಾಟವೆಂದು ಕರೆಯುವ ಚಾಳಿಗೆ ಇದಕ್ಕಿಂತ ಬೇರೆ ಸಾಕ್ಷ್ಯವೇಕೆ?

ಅಪ್ಪಣೆಯನ್ನು ಕೊಟ್ಟವನು ಹಿಂದಕ್ಕೂ ಪಡೆಯಬಲ್ಲನು. ಡಿಸ್ನಿ ಸಂಸ್ಥೆಯು ೨೦೨೩ರ ಮೇ ೧೨ರಂದು ತನ್ನ ಸ್ಟ್ರೀಮಿಂಗ್ ಶಾಖೆಯಲ್ಲಿ ಬಿಡುಗಡೆ ಮಾಡಿದ ‘ಕ್ರೇಟರ್’ ಎಂಬ ಚಿತ್ರವನ್ನು ಏಳು ವಾರ ತುಂಬುವಷ್ಟರಲ್ಲಿ ಅಲ್ಲಿಂದ ತೆಗೆದುಹಾಕಿತು. ತಮಿಳಿನ ‘ಅನ್ನಪೂರಣಿ’ ಚಿತ್ರವನ್ನು ದೂರುಗಳೆದ್ದ ಮೇಲೆ ೨೦೨೪ರ ಜನವರಿಯಲ್ಲಿ ನೆಟ್‌ಫ್ಲಿಕ್ಸಿನಿಂದ ತೆಗೆಯಲಾಯಿತು. ಆ ದೂರುಗಳು ಸರಿಯೋ ತಪ್ಪೋ ಎಂಬುದು ಬೇರೊಂದು ಚರ್ಚೆ. ನೋಡಿ ನಿರ್ಣಯಿಸುವ ಅವಕಾಶವೇ ಚಂದಾದಾರನಿಗೆ ತಪ್ಪಿಹೋಯಿತೆಂಬುದು ಇಲ್ಲಿಯ ಮಾತು. ತೆಗೆದುಹಾಕುವುದಕ್ಕಿಂತಲೂ ಸೂಕ್ಷ್ಮವಾದ ಅಪಾಯವು ತಿದ್ದುವುದರಲ್ಲಿದೆ. ೧೯೭೧ರ ‘ದಿ ಫ್ರೆಂಚ್ ಕನೆಕ್ಷನ್’ ಚಿತ್ರದಲ್ಲಿ ವರ್ಣದ್ವೇಷದ ನುಡಿಯುಳ್ಳ ಒಂದು ತುಣುಕು ಸ್ಟ್ರೀಮಿಂಗ್ ಪ್ರತಿಯಲ್ಲಿ ಇಲ್ಲವಾಗಿರುವುದನ್ನು ೨೦೨೩ರಲ್ಲಿ ಪ್ರೇಕ್ಷಕರೇ ಕಂಡುಹಿಡಿದರು. ಕತ್ತರಿಸಿದ ಬಗ್ಗೆ ಪರದೆಯ ಮೇಲೆ ಒಂದಕ್ಷರದ ಸೂಚನೆಯೂ ಇರಲಿಲ್ಲ. ಹಳೆಯ ಡಿಸ್ಕನ್ನು ಇಟ್ಟುಕೊಂಡವರ ಮನೆಯಲ್ಲಿ ಮಾತ್ರ ಚಿತ್ರವು ಇದ್ದಂತೆಯೇ ಇತ್ತು. ಗ್ರಂಥವೊಂದರ ಪ್ರತಿಗಳೆಲ್ಲ ಒಬ್ಬನ ವಶದಲ್ಲಿದ್ದು, ಅವನು ರಾತ್ರೋರಾತ್ರಿ ಅದರ ಪುಟಗಳನ್ನು ಬದಲಿಸಬಲ್ಲವನಾದರೆ, ಪಾಠಶುದ್ಧಿಯೆಂಬ ಮಾತಿಗೆ ಅರ್ಥವೇನು ಉಳಿದೀತು?

ಚಿತ್ರದ ಕಾಂತಿಯ ವಿಷಯದಲ್ಲಿಯೂ ಡಿಸ್ಕಿನದೇ ಮೇಲುಗೈ. ಅತ್ಯುಚ್ಚ ಸ್ಪಷ್ಟತೆಯ ಚಿತ್ರಕ್ಕೆ ಸೆಕೆಂಡಿಗೆ ೧೫ ಮೆಗಾಬಿಟ್ ವೇಗದ ಸಂಪರ್ಕ ಸಾಕೆಂದು ನೆಟ್‌ಫ್ಲಿಕ್ಸ್ ತಿಳಿಸುತ್ತದೆ. ಆ ವೇಗದಲ್ಲಿ ಎರಡು ಗಂಟೆಯ ಚಿತ್ರಕ್ಕೆ ಹೆಚ್ಚೆಂದರೆ ೧೩.೫ ಗಿಗಾಬೈಟ್ ಹರಿದುಬಂದೀತು. ಅದೇ ಸ್ಪಷ್ಟತೆಯ ಬ್ಲೂ-ರೇ ಡಿಸ್ಕು ೧೦೦ ಗಿಗಾಬೈಟ್‌ಗಳವರೆಗೆ ಹಿಡಿಯಬಲ್ಲದು. ಕತ್ತಲೆಯ ದೃಶ್ಯಗಳಲ್ಲಿ ಸ್ಟ್ರೀಮಿಂಗ್ ಚಿತ್ರವು ಮಚ್ಚೆಮಚ್ಚೆಯಾಗಿ ಒಡೆಯುವುದಕ್ಕೆ ಈ ಹಿಂಡುವಿಕೆಯೇ ಮುಖ್ಯ ಕಾರಣ.

ಇನ್ನು ಪ್ರತಿಪಕ್ಷದ ಆಕ್ಷೇಪಗಳನ್ನು ನೋಡಬೇಕು. ಡಿಸ್ಕು ಶಾಶ್ವತವೇ ಎಂಬುದು ಮೊದಲನೆಯದು. ಅಲ್ಲ. ವಾರ್ನರ್ ಸಂಸ್ಥೆಗಾಗಿ ೨೦೦೬ರಿಂದ ಮುಂದಣ ಕೆಲವು ವರ್ಷಗಳಲ್ಲಿ ತಯಾರಾದ ಹಲವು ಡಿ.ವಿ.ಡಿ.ಗಳು ಒಳಗಿಂದೊಳಗೇ ಕೆಟ್ಟುಹೋದುದನ್ನು ಆ ಸಂಸ್ಥೆಯೇ ೨೦೨೫ರಲ್ಲಿ ಒಪ್ಪಿಕೊಂಡಿತು. ಆದರೆ ಅಂತಹ ಕೇಡು ಬಿಡಿಬಿಡಿ ಪ್ರತಿಗಳಿಗೆ ತಗಲುತ್ತದೆ. ಒಂದು ಮನೆಯ ಪ್ರತಿಯು ಕೆಟ್ಟರೆ ಇನ್ನೊಂದು ಮನೆಯದು ಉಳಿದಿರಬಹುದು. ಉಗ್ರಾಣದ ಒಡೆಯನು ಬಾಗಿಲು ಮುಚ್ಚಿದರೆ ಎಲ್ಲ ಮನೆಗಳಲ್ಲಿಯೂ ಒಮ್ಮೆಗೇ ಕತ್ತಲೆ. ಡಿಸ್ಕನ್ನು ನಡೆಸುವ ಯಂತ್ರಗಳೇ ಅಪರೂಪವಾಗುತ್ತಿವೆ ಎಂಬುದು ಎರಡನೆಯದು. ಸ್ಯಾಮ್‌ಸಂಗ್ ೨೦೧೯ರಲ್ಲಿ ಹೊಸ ಬ್ಲೂ-ರೇ ಯಂತ್ರಗಳಿಂದ ಹಿಂದೆ ಸರಿಯಿತು, ಎಲ್.ಜಿ.ಯು ೨೦೨೪ರಲ್ಲಿ ಅದೇ ದಾರಿ ಹಿಡಿಯಿತೆಂಬುದು ನಿಜ. ಅದು ಇರುವ ಯಂತ್ರವನ್ನು ಜೋಪಾನವಾಗಿಡಲು ಕಾರಣವೇ ಹೊರತು ಡಿಸ್ಕನ್ನು ಎಸೆಯಲು ಕಾರಣವಲ್ಲ. ಡಿಸ್ಕು ಶ್ರೀಮಂತರ ಶೋಕಿಯೆಂಬುದು ಮೂರನೆಯದು. ಸಾವಿರಾರು ಚಿತ್ರಗಳನ್ನು ಅಲ್ಪಬೆಲೆಗೆ ಹಳ್ಳಿಯ ಮನೆಗೂ ತಲಪಿಸಿದುದು ಸ್ಟ್ರೀಮಿಂಗಿನ ದೊಡ್ಡ ಉಪಕಾರ; ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ವೃತ್ತಪತ್ರಿಕೆಯನ್ನು ತರಿಸುವವರೂ ಪುಸ್ತಕಗಳನ್ನು ಕೊಳ್ಳುವುದನ್ನು ಬಿಟ್ಟಿಲ್ಲ. ಒಮ್ಮೆ ನೋಡಿ ಮರೆಯುವ ಚಿತ್ರಕ್ಕೆ ಚಂದಾ ಸಾಕು. ಮಕ್ಕಳೂ ಮೊಮ್ಮಕ್ಕಳೂ ನೋಡಲೆಂಬ ಆಸೆಯುಳ್ಳ ಹತ್ತಿಪ್ಪತ್ತು ಚಿತ್ರಗಳಾದರೂ ಮನೆಯ ಸ್ವಂತದ್ದಾಗಿರಬೇಕು.

ಕನ್ನಡದ ಮಟ್ಟಿಗೆ ಈ ಪ್ರಶ್ನೆಯು ಇನ್ನೂ ಗಂಭೀರವಾದುದು. ೧೯೩೪ರ ಮಾರ್ಚಿಯಲ್ಲಿ ತೆರೆಕಂಡ ಕನ್ನಡದ ಮೊದಲನೆಯ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ಆ ಕಾಲದಲ್ಲಿ ಚಿತ್ರಪ್ರತಿಗಳು ನಿರ್ಮಾಪಕರ, ಹಂಚಿಕೆದಾರರ ಕೈಯಲ್ಲಿ ಮಾತ್ರ ಇದ್ದುವು. ವ್ಯಾಪಾರವು ಮುಗಿದ ಮೇಲೆ ಕಾಪಾಡುವವರಿರಲಿಲ್ಲ. ಇದಕ್ಕೆ ವಿರುದ್ಧವಾಗಿ, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ (೧೯೭೭) ಮೂಲ ನೆಗೆಟಿವ್ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದುದರಿಂದಲೇ ಆ ಚಿತ್ರವು ಜೀರ್ಣೋದ್ಧಾರಗೊಂಡು ೨೦೨೪ರ ವೆನಿಸ್ ಉತ್ಸವದಲ್ಲಿ ಮತ್ತೆ ಬೆಳಕು ಕಂಡಿತು. ಉಳಿಸಿದವರಿದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಇಂದಿನ ಉಗ್ರಾಣದವರು ಕನ್ನಡವನ್ನು ಉಳಿಸುವರೆಂದು ನಂಬಲು ಆಧಾರವೇನು? ಕೊಳ್ಳುವ ಸಂಸ್ಥೆಗಳು ಮುಂದೆ ಬಾರದೆ ಹೋದುದರಿಂದ ‘ಏಕಂ’ ಎಂಬ ಕನ್ನಡ ಕಥಾಮಾಲೆಯನ್ನು ಅದರ ನಿರ್ಮಾಪಕರು ೨೦೨೪ರ ಜುಲೈಯಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಕನ್ನಡ ಚಿತ್ರಗಳೂ ಇದ್ದ ‘ವೂಟ್’ ೨೦೨೩ರಲ್ಲಿ ಜಿಯೋಸಿನಿಮಾದಲ್ಲಿ ಸೇರಿಹೋಯಿತು. ಜಿಯೋಸಿನಿಮಾ ೨೦೨೫ರ ಫೆಬ್ರವರಿಯಲ್ಲಿ ಹಾಟ್‌ಸ್ಟಾರಿನೊಡನೆ ಬೆರೆತು ಜಿಯೋಹಾಟ್‌ಸ್ಟಾರ್ ಆಯಿತು. ಎರಡೇ ವರ್ಷಗಳಲ್ಲಿ ಎರಡು ಬಾರಿ ಹೆಸರನ್ನೂ ಮನೆಯನ್ನೂ ಬದಲಿಸಿದ ಉಗ್ರಾಣದಲ್ಲಿ ಒಂದು ಭಾಷೆಯ ನೆನಪನ್ನು ಇರಿಸಿ ನಿಶ್ಚಿಂತರಾಗುವುದು ವಿವೇಕವಲ್ಲ.

ಆದುದರಿಂದ ಮಾಡಬೇಕಾದುದು ಸ್ಪಷ್ಟವಾಗಿದೆ. ಮನೆಯವರು ಇರುವ ಡಿಸ್ಕುಗಳನ್ನು ಗುಜರಿಗೆ ಹಾಕದೆ, ಬಿಸಿಲು ತೇವಗಳು ತಗಲದಂತೆ ನಿಲ್ಲಿಸಿಡಬೇಕು. ಬೇಡವಾದುವನ್ನು ಊರಿನ ಗ್ರಂಥಾಲಯಕ್ಕೆ ಕೊಡಬೇಕು. ಗ್ರಂಥಾಲಯಗಳೂ ಜಿಲ್ಲೆಯ ಸಾಹಿತ್ಯಸಂಘಗಳೂ ಪುಸ್ತಕದಂತೆಯೇ ಚಿತ್ರಕ್ಕೂ ಒಂದು ಕಪಾಟನ್ನೂ, ಸುಸ್ಥಿತಿಯಲ್ಲಿರುವ ಒಂದು ಯಂತ್ರವನ್ನೂ ಇಟ್ಟುಕೊಳ್ಳಬೇಕು. ಕನ್ನಡದ ನಿರ್ಮಾಪಕರು ಒಳ್ಳೆಯ ಚಿತ್ರಗಳನ್ನು ಐನೂರೋ ಸಾವಿರವೋ ಡಿಸ್ಕುಗಳಲ್ಲಿಯಾದರೂ ಅಚ್ಚುಹಾಕಿಸಬೇಕು. ಓದುಗರೂ ಪ್ರೇಕ್ಷಕರೂ ಮುಂಗಡ ಹಣ ಕೊಟ್ಟು ಅವನ್ನು ಕೊಳ್ಳಬೇಕು. ಪುಸ್ತಕಗಳಿಗಾಗಿ ಹಿಂದಿನವರು ಹೀಗೆಯೇ ಚಂದಾ ಕೂಡಿಸಿ ಪ್ರಕಟಣೆಗಳನ್ನು ನಡೆಸಿದರು. ಚಿತ್ರವೂ ಒಂದು ಸಾಹಿತ್ಯವೆಂದು ಸಭೆಗಳಲ್ಲಿ ಹೊಗಳುವವರು, ಅದರ ಒಂದು ಪ್ರತಿಯನ್ನಾದರೂ ತಮ್ಮ ಮನೆಯಲ್ಲಿರಿಸಿ ಆ ಮಾತಿಗೆ ಬೆಲೆ ತರಲಿ.