ಹೊಗೆಗೊಂದು ದಾರಿ ಬಿಡಿ

ನಮ್ಮ ಹಿಂಜವಡಿ ಫ್ಲ್ಯಾಟುಗಳಲ್ಲಿ ಅಡುಗೆ ಗ್ಯಾಸಿನದು. ಅದರ ಮೇಲೂ ಒಂದು ಎಲೆಕ್ಟ್ರಿಕ್ ಚಿಮಣಿ. ಒಗ್ಗರಣೆ ಘಾಟು ಸೋಫಾಕ್ಕೆ ಹತ್ತಬಾರದಲ್ಲ! ಇವನ್ನು ಕಟ್ಟಲು ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರು ಮಾತ್ರ ಪಕ್ಕದ ತಗಡಿನ ಶೆಡ್ಡಿನಲ್ಲಿ ಮೂರು ಕಲ್ಲಿಟ್ಟು, ಸೆಂಟ್ರಿಂಗ್ ಹಲಗೆಯ ಚೂರು ಉರಿಸಿ ರೊಟ್ಟಿ ಬಡಿಯುತ್ತಾರೆ. ಮಳೆ ಹಿಡಿದರೆ ಒಲೆ ಒಳಗೇ ಬರುತ್ತದೆ. ಹೊಗೆ ತಾಯಿಯ ಎದೆಗೂ ಕಂಕುಳ ಕೂಸಿನ ಎದೆಗೂ ಇಳಿಯುತ್ತದೆ.

'ಉಜ್ವಲಾ ಇದೆಯಲ್ಲ?' ಎಂದು ನನ್ನ ಟೀಮಿನವರು ಕೇಳುತ್ತಾರೆ. 2016ರ ಆ ಯೋಜನೆಯ ಸಿಲಿಂಡರ್ ಇದ್ದರೂ ಊರಿನ ಮನೆಯಲ್ಲಿರುತ್ತದೆ. ಸೈಟಿನಿಂದ ಸೈಟಿಗೆ ಅಲೆಯುವವರಿಗೆ ಪುಕ್ಕಟೆ ಸಿಗುವುದು ಹಲಗೆಯ ಚೂರೇ.

ತಂತ್ರಜ್ಞಾನ ಇಲ್ಲವೆನ್ನಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರ, ಹೊಗೆಕೊಳವೆಯ ಅಸ್ತ್ರ ಒಲೆ ಕೊಟ್ಟು ನಾಲ್ಕು ದಶಕವಾಯಿತು. ಬಿಸಿ ಹೊಗೆ ಹಗುರ. ಕೊಳವೆ ಸೂರು ದಾಟಿ ನಿಂತರೆ ತಾನೇ ಮೇಲೆ ಎಳೆಯುತ್ತದೆ. ಫ್ಯಾನು ಬೇಡ, ಕರೆಂಟು ಬೇಡ. ಆಗಾಗ ಮಸಿ ಕೆರೆದರಾಯಿತು.

1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೇ ಕಲಂ, ವಸತಿಯ ಜೊತೆ ಪ್ರತ್ಯೇಕ ಅಡುಗೆ ಜಾಗ ಕೊಡುವುದು ಮಾಲೀಕನ ಹೊಣೆ ಎಂದಿತು. ಆ ಕಲಮಿನಲ್ಲಿ ಹೊಗೆಕೊಳವೆಯ ಮಾತಿಲ್ಲ, ನಿಜ. ಆದರೆ ಇಪ್ಪತ್ತು ಮಹಡಿಗೆ ಪೈಪು ಏರಿಸುವವರಿಗೆ ಶೆಡ್ಡಿಗೊಂದು ಹತ್ತಡಿ ಪೈಪು ನಿಲ್ಲಿಸಲಾಗದೆ?

ಬುಕಿಂಗಿಗೆ ಹೋದಾಗ ಈಜುಕೊಳ, ಕ್ಲಬ್‌ಹೌಸ್ ವಿಚಾರಿಸುತ್ತೇವೆ. ಕಾರ್ಮಿಕರ ಒಲೆ ಎಲ್ಲಿದೆ, ಅದರ ಹೊಗೆ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ. ತೋರಿಸುವವರೆಗೆ ಚೆಕ್ಕಿಗೆ ಸಹಿ ಹಾಕಬೇಡಿ.