ತಟ್ಟೆಯ ಮುಂದಿನ ಹಠ

ಊಟ ಬೇಡವೆನ್ನುವ ಹುಡುಗನಿಗೆ ನಮ್ಮಲ್ಲಿ ಸಿಗುವ ಬಿರುದು 'ಹಠಮಾರಿ'. ಸಿಗುವ ಔಷಧ ಗದರಿಕೆ. "ಹೊಟ್ಟೆ ಹಸಿದರೆ ತಾನಾಗಿ ತಿನ್ನುತ್ತಾನೆ" ಎಂಬುದು ಹಿರಿಯರ ತೀರ್ಪು. ಬಹುಪಾಲು ಮಕ್ಕಳ ಮಟ್ಟಿಗೆ ಅದು ಸರಿಯೇ. ಎಲ್ಲರ ಮಟ್ಟಿಗೂ ಅಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು ೨೦೧೯ರಲ್ಲಿ ಒಬ್ಬ ಹುಡುಗನ ವೃತ್ತಾಂತವನ್ನು ಪ್ರಕಟಿಸಿದರು. ಕರಿದ ಆಲೂಗಡ್ಡೆ, ಚಿಪ್ಸು, ಬಿಳಿ ಬ್ರೆಡ್ಡು, ಒಂದಿಷ್ಟು ಹಂದಿಮಾಂಸ: ವರ್ಷಗಟ್ಟಲೆ ಅವನ ಆಹಾರ ಇಷ್ಟೇ. ಮಿಕ್ಕವುಗಳ ಸ್ಪರ್ಶವನ್ನೇ ಅವನ ಬಾಯಿ ಸಹಿಸದು. ಎತ್ತರ, ತೂಕ ಸರಿಯಾಗಿಯೇ ಇದ್ದುದರಿಂದ ನೋಡಿದವರಿಗೆ ಸಂಶಯ ಬರುವಂತಿರಲಿಲ್ಲ. ಬಿ೧೨ ಜೀವಸತ್ವ, ತಾಮ್ರ ಮೊದಲಾದವುಗಳ ಕೊರತೆಯಿಂದ ಹದಿನೇಳರ ವಯಸ್ಸಿಗೆ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು, ಮರಳಿ ಬರಲಿಲ್ಲ.

ಇಂಥ ಆಹಾರವರ್ಜನೆಗೆ ಅಮೆರಿಕದ ಮನೋವೈದ್ಯರ ಸಂಘವು ೨೦೧೩ರಲ್ಲಿ ತನ್ನ ರೋಗಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನ ಕೊಟ್ಟಿತು. ತೆಳ್ಳಗಾಗಬೇಕೆಂಬ ಹಂಬಲ ಇಲ್ಲಿಲ್ಲ. ವಾಸನೆ, ಜಿಗುಟು, ಗಂಟಲಲ್ಲಿ ಸಿಕ್ಕೀತೆಂಬ ಭಯ, ಇಲ್ಲವೇ ಹಸಿವೇ ತೋರದಿರುವುದು ಕಾರಣ. ಭಯಕ್ಕೆ ಬೆತ್ತ ಮದ್ದಾದೀತೆ?

ಮೊದಲು ರಕ್ತಪರೀಕ್ಷೆ ಮಾಡಿಸಿ ಕೊರತೆಯನ್ನು ತುಂಬಬೇಕು. ಒಪ್ಪಿದ ಆಹಾರವನ್ನು ಕಸಿಯದೆ ಅದರ ಪಕ್ಕದಲ್ಲೇ ಹೆಜ್ಜೆಯಿಡಬೇಕು. ಬರಿಯ ಮೊಸರನ್ನ ಉಣ್ಣುವವನ ತಟ್ಟೆಯಂಚಿಗೆ ಸೌತೆಕಾಯಿಯ ಒಂದೇ ಚೂರು ಬೀಳಲಿ. ನೋಡಿದರೂ ಸಾಕು, ಮೂಸಿದರೂ ಸಾಕು. ಹತ್ತು ಹದಿನೈದು ಸಲ ಕಂಡ ಮೇಲೆ ನಾಲಗೆ ಒಪ್ಪುವುದುಂಟು. ಗುಟ್ಟಾಗಿ ಅನ್ನದೊಳಗೆ ಬೆರೆಸಿದಿರೋ, ಆ ಮೊಸರನ್ನವನ್ನೂ ಅವನು ಬಿಟ್ಟಾನು.

ವಿದ್ಯಾರ್ಥಿನಿಲಯದ ಪಂಕ್ತಿಯಲ್ಲಿ ಹುಳಿ ಮುಟ್ಟದವನನ್ನು ಕಂಡು ನಗುವ ಗೆಳೆಯರು ನಮ್ಮಲ್ಲಿದ್ದಾರೆ. ಅವನ ತಟ್ಟೆಗೆ ಬಲವಂತವಾಗಿ ಸೌಟು ಸುರಿಯುವುದು ನನಗಂತೂ ವಿನೋದವಾಗಿ ತೋರುವುದಿಲ್ಲ.